ನೀಲವ್ವನ ಪುಟ

“ಬಾಗಿಲಾಗ ಯಾರೋ ಬಂದಾರ, ನೋಡ್ರಿ.”

ನೀಲವ್ವ ಗಂಡನಿಗೆ ಹೇಳಿದ ಕಡೆಯ ಮಾತು ಇದು. ರೊಟ್ಟಿ ಬಡಿಯುತ್ತಿದ್ದವಳು ಎದೆ ಹಿಡಿದುಕೊಂಡು ಮಲಗಿದ್ದಳು.

ದುಂಡಪ್ಪ ಎದ್ದು ಹೋಗಿ ನೋಡಿದ. ಬೈಕಿನ ಮೇಲೆ ಬಂದ ಇಬ್ಬರು ಊಟ ಕೇಳಿದರು. ಇಲ್ಲ ಎಂದು ಹೇಳಿ ಒಳಗೆ ಬರುವಷ್ಟರಲ್ಲಿ ಹೆಂಡತಿ ಹೋಗಿಬಿಟ್ಟಿದ್ದಳು.

ಆಮೇಲೂ ಜನ ಬರುವುದು ನಿಲ್ಲಲಿಲ್ಲ. ನೀಲವ್ವನ ಖಾನಾವಳಿಗೆ ಒಂದು ವೆಬ್‌ಸೈಟ್ ಇತ್ತು. ಅದರಲ್ಲಿ ಅವಳೇ ಬರೆದಿದ್ದಳು: ‘ನಾ ಮನ್ಯಾಗ ಇರ್ತೀನಿ. ರೊಟ್ಟಿ ಬಿಸಿ ಅದಾವ. ಹಸದು ಬರ್ರಿ.’

ಹಸಿದು ಬಂದವರ ಮುಖಕ್ಕೆ ದುಂಡಪ್ಪ ಬಾಗಿಲು ಹಾಕಿದ. ಒಬ್ಬ ಮುದುಕನನ್ನು ಬೈದೂ ಬಿಟ್ಟ.

ಕೊನೆಗೆ ಹೊಳೆದಂಡೆಯ ಮಠಕ್ಕೆ ಹೋದ. ಮಠದ ಸ್ವಾಮಿಗಳಾದ ಅಜ್ಜಾರು ಊರವರಿಗೆ ಒಂದು ಸರಳ ಸಾಫ್ಟ್‌ವೇರ್ ಕಲಿಸುತ್ತಿದ್ದರು. ವೆಬ್‌ಸೈಟ್ ಇದ್ದವರು ಯಾರ ಕೈಕಾಲೂ ಹಿಡಿಯದೆ ತಮ್ಮ ಪುಟ ತಾವೇ ತಿದ್ದಿಕೊಳ್ಳಬಹುದು. ಚೌಕದಲ್ಲಿ ಬರೆದು ‘ಪ್ರಕಟಿಸು’ ಒತ್ತಿದರೆ ಮುಗಿಯಿತು. ನೀಲವ್ವ ಕಲಿತದ್ದೂ ಇಲ್ಲೇ.

“ಅಜ್ಜಾರ, ನನಗೂ ಅದನ್ನ ಕಲಸ್ರಿ.”

“ಯಾಕ?”

“ಅಕಿ ಬರದದ್ದು ಹಂಗ ಇರಬೇಕು. ಜನ ಮಾತ್ರ ಬರಬಾರದು. ಅದಕ್ಕೊಂದು ಗುಂಡಿ ಐತೇನು?”

ಅಜ್ಜಾರು ಅವನ ಮುಖ ನೋಡಿದರು. “ಬಿಸಲಾಗ ಬಂದೀ. ಮೊದಲು ಪ್ರಸಾದ ತಗೋ. ಕುಂದರು.”

ದುಂಡಪ್ಪ ಕೈಕಾಲು ತೊಳೆದು ಕುಳಿತ. ಅಜ್ಜಾರೇ ಬಂದು ತಾಟು ಇಟ್ಟರು. ಪಕ್ಕದಲ್ಲಿ ಒಂದು ಖಾಲಿ ತಂಬಿಗೆ ಇಟ್ಟರು. ಹೋದರು.

ನೆರಳು ಗೋಡೆ ಹತ್ತಿತು. ಯಾರೂ ಬಡಿಸಲಿಲ್ಲ. ಒಳಗಿನಿಂದ ಒಗ್ಗರಣೆಯ ವಾಸನೆಯೂ ಬರಲಿಲ್ಲ.

“ಅಜ್ಜಾರ, ಊಟ?”

“ಇವತ್ತು ಒಲಿ ಹಚ್ಚಿಲ್ಲಪಾ.”

“ಮತ್ತ ಕುಂದರು ಅಂದ್ರಿ?”

“ಅಂದೆ. ಚಲೋ ಮಾತು. ಅದನ್ನ ಯಾಕ ಕೆಡಸೂದು ಅಂತ ಹಂಗ ಬಿಟ್ಟೆ.”

ದುಂಡಪ್ಪ ತಾಟು ದೂಡಿದ. “ಹೆಂಡತಿ ಸತ್ತಾಂವನ ಮುಂದ ಚಾಷ್ಟಿ ಮಾಡತೀರಿ. ಅಕಿ ಮಾತು ಅಂತ ಉಳದದ್ದು ಅದೊಂದ. ಅದನ್ನ ನನ್ನ ಕೈಲೇ ಒರಸು ಅಂತೀರೇನು?”

“ನೀಲವ್ವ ದಿನಾ ಒರಸ್ತಿದ್ಲು.”

“ಏನನ್ನ?”

“ಅದನ್ನ. ಮಧ್ಯಾಹ್ನ ರೊಟ್ಟಿ ತೀರಿದ ಕೂಡಲೇ ಒರಸಿ, ‘ಇವತ್ತಿನ ಊಟ ಮುಗೀತು, ಹಸದು ಬರಬ್ಯಾಡ್ರಿ’ ಅಂತ ಬರೀತಿದ್ಲು. ಮುಂಜಾನೆ ಒಲಿ ಹಚ್ಚಿದ ಮ್ಯಾಲೆ ಮತ್ತ ಅದನ್ನ ಬರೀತಿದ್ಲು. ಇಲ್ಲಿ ಕುಂತು ನಾ ನೋಡ್ತಿದ್ದೆ. ನೀ ಹಿಡಕೊಂಡು ಕುಂತದ್ದು ಒಂದು ಮುಂಜಾನಿದು ಅಷ್ಟ. ಆವತ್ತು ಮಧ್ಯಾಹ್ನ ಒರಸಾಕ ಅಕಿ ಏಳಲಿಲ್ಲ.”

ಊಟದ ಹೊತ್ತು ಕಳೆದ ಮೇಲೆ ಅವಳು ಫೋನ್ ಹಿಡಿದು ಕೂರುವುದನ್ನು ದುಂಡಪ್ಪ ಕಂಡಿದ್ದ. ತವರಿನವರ ಸುದ್ದಿ ಇರಬೇಕು ಎಂದುಕೊಂಡಿದ್ದ.

“ಹಂಗಾರ ನಾ ಏನಂತ ಬರೀಲಿ?”

“ನಿನ್ನ ಮನ್ಯಾಗ ಏನೈತಿ?”

“ಏನೂ ಇಲ್ಲ.”

“ಹೋಗಿ ನೋಡಿ ಬರಿ.”

ಅಷ್ಟು ಹೇಳಿ, ಎಲ್ಲಿ ಒರೆಸಬೇಕು, ಎಲ್ಲಿ ಬರೆಯಬೇಕು, ಎಲ್ಲಿ ಒತ್ತಬೇಕು ಎಂದು ಅವನು ತಂದಿದ್ದ ನೀಲವ್ವನ ಫೋನಿನಲ್ಲೇ ತೋರಿಸಿಕೊಟ್ಟರು.

ಮರುದಿನ ಮುಂಜಾನೆ ದುಂಡಪ್ಪ ಅಡುಗೆಮನೆಗೆ ಹೋದ. ಅವಳು ಹೋದ ಮೇಲೆ ಅಲ್ಲಿ ಕಾಲಿಟ್ಟಿರಲಿಲ್ಲ. ಒಲೆಯಲ್ಲಿ ಬೂದಿ. ಹಿಟ್ಟಿನ ಡಬ್ಬಿಯಲ್ಲಿ ಹುಳ. ಹಿತ್ತಲಿಗೆ ಹೋಗಿ ಕೊಡಪಾನ ತೊಳೆದು ನೀರು ತುಂಬಿ ತಂದಿಟ್ಟ.

ಫೋನ್ ತೆಗೆದ. ಅವಳ ಮಾತನ್ನು ಕೊನೆಯಿಂದ ಒರೆಸುತ್ತ ಬಂದ. ‘ಹಸದು ಬರ್ರಿ’ ಹೋಯಿತು. ರೊಟ್ಟಿ ಹೋಯಿತು. ಮನೆ ಹೋಯಿತು. ‘ನಾ’ ಎಂಬಲ್ಲಿ ಬೆರಳು ನಿಂತಿತು.

ಅದನ್ನೂ ಒರೆಸಿದ.

ಬರೆದ: ‘ನೀಲವ್ವ ಇಲ್ಲ. ಊಟ ಇಲ್ಲ. ನೀರು ಐತಿ.’

‘ಪ್ರಕಟಿಸು’ ಒತ್ತಿ, ಬೂದಿಯ ಮುಂದೆ ಕುಳಿತ.

ಬಿಸಿಲು ಒಳಗೆ ಬಂತು. ಯಾರೋ ಬಾಗಿಲು ಬಡಿದರು. ಏಳಬಾರದು ಎಂದುಕೊಂಡ. ಎದ್ದು ಹೋದ.

ಹೊಸ್ತಿಲ ಆಚೆ ಅಜ್ಜಾರು ನಿಂತಿದ್ದರು. ಕೈಯಲ್ಲಿ ಅದೇ ಖಾಲಿ ತಂಬಿಗೆ.

“ಓದಿ ಬಂದೆ, ದುಂಡಪ್ಪ. ನೀರು ಕೊಡು.”