ಕೊಸರಿನ ಕಾನೂನು

“ಮೇಷ್ಟ್ರೇ, ಎರಡು ದೇಶಗಳು ಎಂದೂ ಜಗಳವಾಡದಂಥ ವ್ಯಾಪಾರ ಒಪ್ಪಂದ ಯಾರಿಂದಲೂ ಆಗದು ಎನ್ನುತ್ತಾರಲ್ಲ, ನಾನೇ ಬರೆದಿದ್ದರೆ?”

ಕೇಳಿದವಳು ಹೈಮವತಿ. ದೇಶದೇಶಗಳ ನಡುವಿನ ವ್ಯಾಪಾರ ಕಾನೂನಿನ ಮೇಲೆ ಸಂಶೋಧನೆ ಮಾಡುತ್ತಿದ್ದಳು. ಪ್ರಬಂಧ ಅಂದೇ ವಿಶ್ವವಿದ್ಯಾಲಯ ಸೇರಬೇಕು. ಮೇಷ್ಟ್ರ ರುಜು ಒಂದು ಬಾಕಿ. ಖುಷಿಗೆ ಅವಳ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

“ಒಂದನ್ನೂ ಬಿಟ್ಟಿಲ್ಲ ಮೇಷ್ಟ್ರೇ. ಚಾಪೆಯ ಕೆಳಗಿರಲಿ, ಇನ್ನು ಯಾರೂ ರಂಗೋಲಿಯ ಕೆಳಗೂ ತೂರಲಾರರು!”

ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದರು. ರುಜು ಮಾತ್ರ ಹಾಕಲಿಲ್ಲ, ಕತೆ ಹೇಳಿದರು.

ಒಂದು ಹೊಳೆಯ ಎರಡು ದಡದಲ್ಲಿ ಎರಡು ರಾಜ್ಯಗಳಿದ್ದವು. ಈಚೆ ದಡದವರು ಮೆಣಸು ಮಾರುತ್ತಿದ್ದರು, ಆಚೆಯವರು ಉಪ್ಪು. ಈಚೆಯವರು ಅಳೆದು ಮುಗಿದ ಮೇಲೆ ಒಂದು ಹಿಡಿ ಹೆಚ್ಚಿಗೆ, ಕೊಸರೆಂದು ಹಾಕುವರು. ಆಚೆಯವರದು ಕೊಳಗದ ಬಾಯಿ ಸವರಿದ ಅಳತೆ, ಅದರ ಮೇಲೆ ಒಂದು ಕಾಳೂ ಇಲ್ಲ. ಈಚೆಯವರು ಅವರನ್ನು ಜಿಪುಣರೆಂದರು. ಆಚೆಯವರು, ಅಳತೆಯಲ್ಲಿ ಕದ್ದದ್ದನ್ನೇ ಇವರು ಕೊಸರೆಂದು ಹಿಂದಿರುಗಿಸುತ್ತಾರೆ ಎಂದರು. ಮಾತಿಗೆ ಮಾತು ಬೆಳೆದು ದೋಣಿಗಳು ನಿಂತವು. ಒಂದು ದಡದಲ್ಲಿ ಸಪ್ಪೆ ಸಾರು, ಇನ್ನೊಂದರಲ್ಲಿ ಖಾರವಿಲ್ಲದ್ದು.

ರಾಜರಿಬ್ಬರೂ ಒಬ್ಬ ಪಂಡಿತನನ್ನು ಕರೆಸಿದರು. ನಾನಾ ದೇಶಗಳ ವ್ಯಾಪಾರಧರ್ಮ ಓದಿದವನು. ಕೊಸರನ್ನು ಕಂಡೊಡನೆ ಅವನಿಗೆ ನಿಧಿ ಸಿಕ್ಕಿದಂತಾಯಿತು. ಇದನ್ನು ಯಾವ ಶಾಸ್ತ್ರವೂ ಬರೆದಿಲ್ಲ! ಅನ್ನ ನೀರು ಮರೆತು ಎರಡೂ ದಡದವರ ಹಿಡಿ ಅಳೆದ. ಕೊಳಗಕ್ಕೊಂದು ಹಿಡಿ ಕೊಸರು ಕಡ್ಡಾಯ ಎಂದು ಬರೆದ. ಡಂಗುರ ಹೊಡೆಸಿದ್ದಾಯಿತು, ದೋಣಿಗಳು ಬಿಟ್ಟವು, ಪಂಡಿತ ಉತ್ಸಾಹದಿಂದ ಹೊಳೆದಂಡೆಯ ಕಟ್ಟೆಯ ಮೇಲೆ ಕೂತ.

ಉಪ್ಪಿನ ವ್ಯಾಪಾರಿ ಅಳೆದ, ಒಂದು ಹಿಡಿ ಹಾಕಿದ. ಮೆಣಸಿನ ವ್ಯಾಪಾರಿ ಉಪ್ಪು ತುಂಬಿಸಿಕೊಂಡ ತನ್ನ ಚೀಲದ ಬಾಯಿ ಮುಚ್ಚಲಿಲ್ಲ.

“ಕೊಸರು?”

“ಈಗ ತಾನೇ ಹಾಕಿದೆನಲ್ಲಪ್ಪ!”

“ಅದು ರಾಜರು ಕೊಟ್ಟದ್ದು. ನಿನ್ನದು ಎಲ್ಲಿ?”

ಪಂಡಿತ ಓಡಿಹೋಗಿ ಎರಡು ಹಿಡಿ ಎಂದು ತಿದ್ದಿದ. ಮರುದಿನ ಎರಡು ಹಿಡಿ ಬಿತ್ತು, ಚೀಲದ ಬಾಯಿ ತೆರೆದೇ ಇತ್ತು. ಹಿಡಿ ಏರಿಸಿದಷ್ಟೂ ಜಗಳ ಏರಿತು. ದೋಣಿಗಳು ಮತ್ತೆ ನಿಂತವು. ಪಂಡಿತನಿಗೆ ಅಳು ಬಂತು. ಕೊನೆಗೆ ಸಿಟ್ಟಿನಲ್ಲಿ ಆ ಒಂದು ಸಾಲನ್ನೇ ಹೊಡೆದುಹಾಕಿ, ಏನಾದರೂ ಮಾಡಿಕೊಳ್ಳಿ ಎಂದ.

ದೋಣಿಗಳು ಮತ್ತೆ ಹೊರಟ ದಿನ ಉಪ್ಪಿನ ವ್ಯಾಪಾರಿ ಕೊಳಗ ಸವರಿ ಸುರಿದ. ತೆರೆದ ಚೀಲವನ್ನು ನೋಡಿದ. ಕೇಳುವವರಿಲ್ಲ, ಹೇಳುವವರಿಲ್ಲ. ಏನೋ ಗೊಣಗುತ್ತ ಒಂದು ಚಿಟಿಕೆ ಉಪ್ಪು ಹಾಕಿದ. ಮೆಣಸಿನವನು ಗಹಗಹಿಸಿ ನಕ್ಕು ಚೀಲ ಕಟ್ಟಿದ. ಪಂಡಿತ ಕಟ್ಟೆಯಿಂದ ಹಾರಿ ಕುಣಿದೇಬಿಟ್ಟ.

ಹೈಮವತಿಯೂ ನಕ್ಕಳು. ಮೇಷ್ಟ್ರು ಪೆನ್ನನ್ನು ಅವಳ ಕೈಗೇ ಕೊಟ್ಟರು.

“ಒಂದನ್ನೂ ಬಿಟ್ಟಿಲ್ಲ ಎಂದೆಯಲ್ಲ ತಾಯಿ, ಕೊಡುವವನ ಕೈಗೆ ಏನು ಉಳಿಸಿದೆ?”