ಕಾಲಿಡದ ಬಾವಿ

ಈ ಐತಿಹ್ಯವನ್ನು ಇದಕ್ಕಿಂತ ಚೆನ್ನಾಗಿ ಹೇಳಬಲ್ಲ ಹಿರಿಯರು ಊರಿನಲ್ಲಿದ್ದಾರೆ. ಆದರೆ ಅವರು ಬರೆಯುವುದಿಲ್ಲ. ಬರೆದು ರೂಢಿಯಿಲ್ಲದ ಕೈಗೆ ಕೆಲಸ ಬಿದ್ದಿದೆ. ಹೆಚ್ಚುಕಡಿಮೆಯಾದರೆ ಓದುವವರು ಹೊಟ್ಟೆಗೆ ಹಾಕಿಕೊಳ್ಳಬೇಕು. ಗುಡ್ಡದಹಾಳದ ಮೂಡಣಕ್ಕೆ, ಕರಿಬಂಡೆಗಳ ನಡುವೆ, ಚೌಕಾಕಾರದ ಹಳೆಯ ಬಾವಿಯೊಂದಿದೆ. ಇಳಿಯಲು ಅಗಲವಾದ ಮೆಟ್ಟಿಲುಗಳಿವೆ, ಆದರೆ ಇಳಿಯುವಂತಿಲ್ಲ. ಮೇಲಿನ ಮೆಟ್ಟಿಲಿಗೇ ಎದೆಯೆತ್ತರದ ಗೋಡೆ ಅಡ್ಡ ಕಟ್ಟಿದ್ದಾರೆ. ನೀರನ್ನು ಎದುರು ದಡದ ಗಡಗಡೆಯಿಂದ ಸೇದಬೇಕು. ಇದನ್ನು ಕಾಲಿಡದ ಬಾವಿ ಎನ್ನುತ್ತಾರೆ.

ಹಿಂದೆ ಒಮ್ಮೆ, ಕೊಳವೆಬಾವಿಯ ಹೆಸರೇ ಕೇಳದ ಕಾಲದಲ್ಲಿ, ಊರಿಗೆಲ್ಲ ಇದೊಂದೇ ಬಾವಿ. ನೀರಿಗೆ ಬಂದವರು ಮೊಣಕಾಲುದ್ದ ಇಳಿದು ಕೊಡ ತುಂಬುತ್ತಿದ್ದರು. ಆಗ ಊರನ್ನು ನಾರುಹುಣ್ಣು ಕಾಡುತ್ತಿತ್ತು. ಈಗಿನವರಿಗೆ ಇದನ್ನು ಬಿಡಿಸಿ ಹೇಳಬೇಕು: ಕಾಲಿನಲ್ಲಿ ಬೊಬ್ಬೆ ಎದ್ದು, ಒಡೆದು, ಒಳಗಿಂದ ದಾರದಂತಹ ಹುಳು ದಿನಕ್ಕಿಷ್ಟಿಷ್ಟೇ ಹೊರಬರುವ ರೋಗ ಅದು. ಕೆಂಡ ಇಟ್ಟಂತೆ ಉರಿಯುತ್ತದೆ. ಅದು ಬಿತ್ತನೆಯ ಹೊತ್ತಿಗೇ ಬರುತ್ತಿತ್ತು. ಹೊಲ ಹದಕ್ಕೆ ಬಂದಾಗ ಮನೆಯ ಗಂಡಸು ಗೋಡೆಗೊರಗಿ ಕೂತಿರುತ್ತಿದ್ದ. ಉರಿ ತಾಳದವರು ಬಾವಿಗಿಳಿದು ಕಾಲನ್ನು ನೀರಿನಲ್ಲಿ ಇಟ್ಟರೆ ತಟ್ಟನೆ ತಂಪಾಗುತ್ತಿತ್ತು. ಅದಕ್ಕೆ ಗಂಗವ್ವನಿಗೆ ಕಾಲು ಒಪ್ಪಿಸುವುದು ಎಂದು ಹೆಸರು. ತಾಯಿ ಉರಿಯನ್ನು ತೆಗೆದುಕೊಂಡಳು ಎಂದು ಕೈಮುಗಿದು ಬರುತ್ತಿದ್ದರು.

ಈ ಊರಿನ ರೈತ ಬಾಳಪ್ಪನ ಹೆಂಡತಿ ತಿಪ್ಪವ್ವ ಗುಡ್ಡದ ಆಚೆಯ ಊರಿನವಳು. ಅವಳ ತವರಿನ ಬಾವಿಗೆ ಮೆಟ್ಟಿಲಿರಲಿಲ್ಲ, ಬಾಯಿ ಕಿರಿದು, ಹಗ್ಗವೇ ಗತಿ. ಅಲ್ಲಿ ಈ ಹುಣ್ಣನ್ನು ಯಾರೂ ಕಂಡಿರಲಿಲ್ಲ. ಮದುವೆಯಾಗಿ ಬಂದ ವರ್ಷ ಅವಳ ಕಾಲು ಚೆನ್ನಾಗಿತ್ತು; ಮರುವರ್ಷದ ಬಿತ್ತನೆಗೆ ಹುಣ್ಣಾಯಿತು. ಹುಣ್ಣಿನ ಕಾಲಿಟ್ಟ ನೀರು ಕುಡಿದು ವರ್ಷ ತುಂಬಿದ ಮೇಲೆ ಕಾಲಿಗೆ ಬರುತ್ತದೆ ಎಂಬುದು ಆಗಲೇ ಅವಳ ಮನಸ್ಸಿಗೆ ಹೊಳೆದಿತ್ತು, ಆದರೆ ಸೊಸೆಯ ಮಾತು ಕೇಳುವವರಾರು. ಮುಂದೆ ಮಗಳು ಹುಟ್ಟಿದಳು. ಅವಳಿಗೆ ಹಾಲು ಬಿಡಿಸುವ ಕಾಲ ಬಂದಾಗ ತಿಪ್ಪವ್ವನಿಗೆ ಒಂದೇ ಚಿಂತೆ ಹತ್ತಿತು. ಇನ್ನು ಮಗು ಈ ನೀರನ್ನೇ ಕುಡಿಯಬೇಕು. ಈಗಷ್ಟೇ ಹೆಜ್ಜೆ ಕಲಿತ ಆ ಕಾಲೂ ಹೀಗೇ ಆಗುವುದೇ?

ಆ ದಿನಗಳಲ್ಲೇ ಬಾಳಪ್ಪನ ಹುಣ್ಣು ಒಡೆಯಿತು. ಅವನು ಕೋಲೂರಿಕೊಂಡು ಬಾವಿಗೆ ಬರುವಷ್ಟರಲ್ಲಿ ತಿಪ್ಪವ್ವ ಮಗುವನ್ನು ಮಡಿಲಲ್ಲಿಟ್ಟುಕೊಂಡು ಮೇಲಿನ ಮೆಟ್ಟಿಲಿಗೆ ಅಡ್ಡ ಕೂತಿದ್ದಳು.

"ದಾರಿ ಬಿಡು ತಿಪ್ಪಿ, ಜೀವ ಹೋಗಾಕತ್ತೈತಿ," ಎಂದ ಬಾಳಪ್ಪ.

"ನೀವು ಇಲ್ಲೇ ಕುಂದರ್ರಿ. ಗಂಗವ್ವನ್ನ ನಾನು ಮ್ಯಾಲ ಕರಕೊಂಡು ಬರ್ತೀನಿ."

ನೀರಿಗೆ ಬಂದಿದ್ದ ಅವಳ ಅತ್ತೆ ಉಳಿದ ಹೆಂಗಸರ ಕಡೆ ತಿರುಗಿದಳು. "ಕೇಳ್ರೆವಾ, ನಮ್ಮ ಸೊಸಿ ದೇವ್ರನ್ನ ಕೊಡದಾಗ ಹೊತಗೊಂಡು ಬರ್ತಾಳಂತ. ತವರಾಗ ಇದನ್ನೇ ಕಲಿಸ್ಯಾರ."

"ಹೌದ್ರೀ ಅತ್ತಿ. ಅಲ್ಲಿ ಗಂಗವ್ವ ಹಗ್ಗಾ ಹಿಡಕೊಂಡು ಮ್ಯಾಲ ಬರ್ತಾಳ. ಅದಕ್ಕ ನಮ್ಮಪ್ಪ ಇನ್ನೂ ಕುಂಟಿಲ್ಲ."

ಹೆಂಗಸರು ನಕ್ಕರು. ತಿಪ್ಪವ್ವ ಎದುರು ದಡದಿಂದ ಕೊಡ ಇಳಿಬಿಟ್ಟು ಸೇದಿ, ಗಂಡನನ್ನು ಬಾವಿಯಿಂದ ದೂರ ಕೂರಿಸಿ, ಕಾಲಿಗೆ ನೀರೆರೆದಳು. ಉರಿ ತಣಿಯಿತು. "ಇಲ್ಲೂ ತಂಪಾಗತೈತಿ ಬಿಡು," ಎಂದು ಬಾಳಪ್ಪ ಕಣ್ಣು ಮುಚ್ಚಿದ. ಕುಂಟುತ್ತಲೇ ಬಂದಿದ್ದ ಊರಗೌಡ ಇದನ್ನು ನೋಡಿ ತಾನೂ ಪಕ್ಕದಲ್ಲಿ ಕೂತು ಕಾಲು ಚಾಚಿದ. ಆ ವಾರವೇ ಅವನು ತಿಪ್ಪವ್ವನ ಮಾತಿಗೆ ಒಪ್ಪಿ ಮೆಟ್ಟಿಲಿಗೆ ಅಡ್ಡ ಗೋಡೆ ಕಟ್ಟಿಸಿದನು ಎನ್ನುತ್ತಾರೆ. ಗೋಡೆ ಮುಗಿಯುವವರೆಗೆ ತಿಪ್ಪವ್ವ ಮಗುವಿಗೆ ಹಾಲು ಬಿಡಿಸಲಿಲ್ಲ. ಬಾವಿಯ ಹಳೆಯ ನೀರನ್ನೆಲ್ಲ ಮೊಗೆದು ಚೆಲ್ಲಿ ಹೊಸ ನೀರು ಬಂದ ಮೇಲಷ್ಟೇ ಮಗಳಿಗೆ ಕುಡಿಸಿದಳು.

ಮರುವರ್ಷವೂ ಹಲವರಿಗೆ ಹುಣ್ಣಾಯಿತು. ಜನ ಹಾರೆ ಹಿಡಿದು ಗೋಡೆ ಕೆಡವಲು ಬಂದರು. "ಇದು ಗ್ವಾಡಿ ಕಟ್ಟೂಕಿಂತ ಮೊದಲು ಕುಡಿದ ನೀರು. ಇನ್ನೊಂದು ಬಿತ್ತಿಗಿ ತಡೀರಿ," ಎಂದಳು ತಿಪ್ಪವ್ವ. ಗೌಡ ಜನರನ್ನು ತಡೆದ. ಆ ಇನ್ನೊಂದು ಬಿತ್ತನೆಯಲ್ಲಿ ಬಾಳಪ್ಪ ಕೂರಿಗೆ ಹಿಡಿದು ಹೊಲಕ್ಕೆ ಹೋದ, ಮಗಳು ಸಾಲಿನಲ್ಲಿ ಅವನ ಹಿಂದೆ ಓಡಿದಳು. ತಿಪ್ಪವ್ವ ಬದುವಿನ ಮೇಲೆ ನಿಂತು ಆ ಬರಿಗಾಲುಗಳನ್ನೇ ನೋಡುತ್ತಿದ್ದಳು. ಹುಣ್ಣನ್ನು ನೀರಿಗಿಟ್ಟಾಗ ಹುಳುವಿನ ಮರಿ ನೀರು ಸೇರಿ, ಕುಡಿದವರ ಹೊಟ್ಟೆಗೆ ಹೋಗುತ್ತದೆಂದು ವೈದ್ಯರು ಊರಿಗೆ ಬಂದು ವಿವರಿಸಿದ್ದು ಬಹಳ ಕಾಲದ ಮೇಲೆ.

ಬಂದವರು ಈಗಲೂ ಬಾವಿಯಿಂದಾಚೆ ಒಂದು ಚಪ್ಪಟೆ ಕಲ್ಲನ್ನು ನೋಡುತ್ತಾರೆ. ಅದರಲ್ಲೊಂದು ಕುಳಿಯಿದೆ. ದೇವರ ಪಾದವೆಂದು ಕೆಲವರು ಕುಂಕುಮ ಹಚ್ಚುತ್ತಾರೆ. ಅದು ದೇವರ ಪಾದವಲ್ಲ, ಹುಣ್ಣಿನವರು ಕಾಲು ಚಾಚುತ್ತಿದ್ದ ಜಾಗ. ಈಗ ಅದರಲ್ಲಿ ಮಳೆನೀರು ನಿಂತು ಗುಬ್ಬಿಗಳು ಕುಡಿಯುತ್ತವೆ. ಕಲ್ಲು ಹೊಲದ ಕಡೆಗೆ ಇಳಿಜಾರಾಗಿದೆ, ಬಾವಿಯ ಕಡೆಗಲ್ಲ; ಇದನ್ನೂ ಸ್ವಲ್ಪ ವಿವರಿಸಬೇಕು, ಏಕೆಂದರೆ ಕಾಲಿಗೆ ಎರೆದ ನೀರು ಮತ್ತೆ... ಹೊರಗಿನಿಂದ ಕೂಗುತ್ತಿದ್ದಾರೆ. ಊರಿನ ಪಂಪು ಕೆಟ್ಟಿದೆಯಂತೆ, ಎಲ್ಲರೂ ಕೊಡ ಹಿಡಿದು ಬಾವಿಗೆ ಹೊರಟಿದ್ದಾರೆ, ಹಗ್ಗ ಜಗ್ಗಲು ಕೈ ಬೇಕಂತೆ.