ದಾನಿಗಳು ರುಚಿ ನೋಡಿದ್ದು

ಮೈಸೂರಿನ ಅಂಚಿನಲ್ಲೊಂದು ಸರ್ಕಾರಿ ಹೈಸ್ಕೂಲು. ಸಾವಿರದ ಇನ್ನೂರು ಮಕ್ಕಳು. ಅವತ್ತು ಬೆಳಗ್ಗೆ ಊರಿನ ಸಾಹುಕಾರರಾದ ಪುಟ್ಟಮಾದಪ್ಪನವರು ಶಾಲೆಗೆ ಒಂದು ಗೋಡೆ ಗಡಿಯಾರ ದಾನ ಕೊಟ್ಟರು. ಕೊಟ್ಟವರೇ ಮೈಕು ಹಿಡಿದರು. ಹಿಡಿದವರು ಬಿಡಲಿಲ್ಲ. ಊಟದ ಬೆಲ್ಲು ಹೊಡೆದಾಗ ಗುಡುಗಿದರು: "ನನ್ನ ಮಾತು ಮುಗಿಯೋವರೆಗೂ ಒಬ್ಬರೂ ಏಳಕೂಡದು!" ಹೆಡ್‌ಮಾಸ್ಟರು ತಲೆ ತಗ್ಗಿಸಿ ಕೂತರು. ಹೊಸ ಗಡಿಯಾರ ಎರಡು ಗಂಟೆ ತೋರಿಸಿತು.

ಬಿಸಿಯೂಟದ ಅಡುಗೆ ಮಾಡುವ ಜವರಮ್ಮ ನೋಡಿದಳು. ಅನ್ನ ಆರುತ್ತಿತ್ತು, ಮಕ್ಕಳ ಮುಖ ಬಾಡುತ್ತಿತ್ತು. ತಟ್ಟೆಗೆ ಒಂದಿಷ್ಟು ಅನ್ನ, ಸಾಂಬಾರು ಹಾಕಿಕೊಂಡು ಸೀದಾ ವೇದಿಕೆ ಹತ್ತಿದಳು.

"ಯಜಮಾನ್ರೇ, ದೊಡ್ಡವರು ರುಚಿ ನೋಡದೆ ಮಕ್ಕಳಿಗೆ ಬಡಿಸೋ ಹಂಗಿಲ್ಲ. ದಿನಾ ಹೆಡ್‌ಮಾಸ್ಟ್ರು ನೋಡಿ ಹೇಳ್ತಾರೆ. ಇವತ್ತು ನಿಮಗಿಂತ ದೊಡ್ಡವರು ಇಲ್ಲಿ ಯಾರವ್ರೆ?"

ಪುಟ್ಟಮಾದಪ್ಪನವರ ಎದೆ ಉಬ್ಬಿತು. ಒಂದು ತುತ್ತು ಬಾಯಿಗಿಟ್ಟರು. "ಏನಂತ ಹೇಳಬೇಕಮ್ಮಾ?"

"'ಚೆನ್ನಾಗಿದೆ, ಬಡಿಸಿ' ಅಂದ್ರೆ ಸಾಕು."

ಅವರು ಮೈಕಿನಲ್ಲೇ ಗಂಭೀರವಾಗಿ ಸಾರಿದರು: "ಚೆನ್ನಾಗಿದೆ, ಬಡಿಸಿ!"

ದಿನವೂ ಆ ಮಾತು ಕೇಳಿಯೇ ಊಟಕ್ಕೆ ಏಳುತ್ತಿದ್ದ ಮಕ್ಕಳು ಹೋ ಎಂದು ಎದ್ದರು. ತಟ್ಟೆಗಳು ಝಣಝಣ ಸದ್ದು ಮಾಡಿದವು. ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಅಂಗಳ ಖಾಲಿ.

"ಏಯ್! ನನ್ನ ಭಾಷಣ ಇನ್ನೂ ಅರ್ಧ ಇದೆ!" ಎಂದು ಅವರು ಕೂಗಿಕೊಂಡರು.

ಜವರಮ್ಮ ಸೆರಗಿಗೆ ಕೈ ಒರೆಸಿಕೊಂಡಳು. "ಬೇಜಾರು ಮಾಡ್ಕೋಬೇಡಿ ಯಜಮಾನ್ರೇ. ಬೆಳಗಿಂದ ನೀವು ಆಡಿದ್ರಲ್ಲಿ ಮಕ್ಕಳು ಕಿವಿಗೊಟ್ಟು ಕೇಳಿದ್ದು ಅದೊಂದೇ ಮಾತು."